ಮಗಳ ಊರಿನ ಕಂಟ್ರಿ ಕ್ಲಬ್ಬಿಗೆ ಗಾಲ್ಫ್ ಆಡ್ಲಿಕ್ಕೆ ಕರೆದ್ರೆ ಹೇಗೆ ತಯಾರಾಗುದು

ಏಪ್ರಿಲ್ ಕೊನೆಗೆ ನಮ್ಮ ಬಜ್ಪೆ ಏರ್‌ಪೋರ್ಟಲ್ಲಿ ಅರ್ಧ ಗಂಟೆ ನಿಂತ್ರೆ ಸಾಕು, ಹಪ್ಪಳ ಸಂಡಿಗೆ ತುಂಬಿದ ಸೂಟ್‌ಕೇಸ್ ತಳ್ಕೊಂಡು ಅಮೆರಿಕಾಕ್ಕೆ ಮಕ್ಕಳ ಮನೆಗೆ ಹೊರಟ ಅಪ್ಪ ಅಮ್ಮಂದಿರು ಒಂದಿಬ್ಬರಾದ್ರೂ ಕಾಣ್ಲಿಕ್ಕೆ ಸಿಗ್ತಾರೆ. ಅದ್ರಲ್ಲಿ ಒಹಾಯೋ, ಇಲಿನಾಯ್, ಮಿಷಿಗನ್, ಮಿನೆಸೋಟ ಅಂತ ಮಿಡ್‌ವೆಸ್ಟ್ ಕಡೆ ಹೋಗುವವರೂ ಉಂಟು. ಅಲ್ಲಿ ಹೋದ್ಮೇಲೆ ಹದಿನೈದು ದಿನದಲ್ಲಿ ನೋಡುದೆಲ್ಲ ನೋಡಿ ಆಗ್ತದೆ, ಮತ್ತೆ ಮಕ್ಕಳು ಕೆಲ್ಸಕ್ಕೆ ಹೋದ್ರೆ ನಾವು ಕಿಟಕಿ ಹತ್ರ ಕೂತು ರೋಡ್ ನೋಡುದು. ಅಂಥ ಹೊತ್ತಲ್ಲಿ ಪಕ್ಕದ ಮನೆಯವರೋ ಅಳಿಯನ ಆಫೀಸಿನವರೋ "ನಮ್ಮ ಕ್ಲಬ್ಬಿಗೆ ಬನ್ನಿ, ಒಂದು ರೌಂಡ್ ಗಾಲ್ಫ್ ಆಡುವ" ಅಂತ ಕರೆದ್ರೆ ದಯವಿಟ್ಟು ಬೇಡ ಅನ್ಬೇಡಿ. ಹೆದರಿಕೆ ಆಗುದು ಸಹಜ, ಆದ್ರೆ ಇಲ್ಲಿಂದ್ಲೇ ಸ್ವಲ್ಪ ತಯಾರಿ ಮಾಡ್ಕೊಂಡು ಹೋದ್ರೆ ಆ ಒಂದು ದಿನ ಇಡೀ ಪ್ರವಾಸದಲ್ಲೇ ಒಳ್ಳೆ ದಿನ ಆಗ್ತದೆ.

ನಾನು ಬ್ಯಾಂಕಿಂದ ರಿಟೈರ್ ಆಗುವ ಹೊತ್ತಿಗೆ ಪಿಲಿಕುಳದ ಗಾಲ್ಫ್ ಕೋರ್ಸಲ್ಲಿ ಕಲೀಲಿಕ್ಕೆ ಶುರು ಮಾಡಿದ್ದು. ಮಗಳು ಒಹಾಯೋದ ಕೊಲಂಬಸ್ ಹತ್ರ ಇರುದು, ಮೂರು ಸಲ ಹೋಗಿ ಬಂದಾಯ್ತು, ಅವಳ ಪಕ್ಕದ ಮನೆಯ ಹಿರಿಯರು ಒಬ್ರು ಅಲ್ಲಿನ ಕ್ಲಬ್ಬಲ್ಲಿ ಮೆಂಬರ್, ಅವರ ಗೆಸ್ಟ್ ಆಗಿ ಏಳೆಂಟು ರೌಂಡ್ ಆಡಿದ್ದೇನೆ. ಮೊದಲನೇ ದಿನ ನನ್ನ ತಲೆ ತುಂಬ ಇದ್ದದ್ದು ಬಾಲ್ ಸರಿ ಹೋಗ್ಬಹುದಾ, ಮರ್ಯಾದೆ ಹೋಗ್ಬಹುದಾ ಅಂತ. ಈಗ ಗೊತ್ತಾಗಿದೆ, ಅಲ್ಲಿ ಗೆಸ್ಟಿನ ಸ್ಕೋರ್ ಯಾರಿಗೂ ಬೇಡ. ಅವರು ನೋಡುದು ಎರಡೇ. ಹಿಂದೆ ಮುಂದೆ ಇರುವವರನ್ನು ಕಾಯಿಸದೆ ಆಡ್ತೀರಾ, ಮತ್ತೆ ನೀವು ನಡೆದು ಹೋದ ನೆಲ ನಿಮ್ಮ ಹಿಂದೆ ಬರುವವರಿಗೆ ಸರಿಯಾಗಿ ಸಿಗ್ತದಾ. ಇದೆರಡು ಕಲ್ತ್ರೆ ಒಂದು ರೌಂಡಿಗೆ ನೂರ ಮೂವತ್ತು ಹೊಡೆತ ತಗೊಂಡ್ರೂ ಪುನಃ ಕರೀತಾರೆ.

ಮೊದ್ಲು ಕಂಟ್ರಿ ಕ್ಲಬ್ ಅಂದ್ರೆ ಎಂತ ಅಂತ ಒಂದು ಮಾತು. ಗಾಲ್ಫ್ ಕೋರ್ಸ್, ಸ್ವಿಮ್ಮಿಂಗ್ ಪೂಲ್, ಟೆನ್ನಿಸ್ ಕೋರ್ಟ್, ಊಟದ ಹಾಲ್ ಎಲ್ಲ ಒಂದೇ ಕಡೆ, ಮೆಂಬರ್‌ಗಳಿಗೆ ಮತ್ತು ಅವರು ಕರ್ಕೊಂಡು ಬಂದವರಿಗೆ ಮಾತ್ರ. ಅಮೆರಿಕಾದಲ್ಲಿ ದುಡ್ಡು ಕೊಟ್ರೆ ಯಾರು ಬೇಕಾದ್ರೂ ಆಡುವ ಪಬ್ಲಿಕ್ ಕೋರ್ಸ್ ಬೇಕಾದಷ್ಟು ಉಂಟು, ಕ್ಲಬ್ಬಿನ ರೀತಿ ಬೇರೆ. ಅದಕ್ಕೆ ಅಲ್ಲಿ ನಾವು ಒಬ್ಬರ ಮನೆಗೆ ಹೋದ ನೆಂಟರ ಹಾಗೆ, ನಾವು ಮಾಡಿದ್ದೆಲ್ಲ ಕರೆದವರ ಹೆಸರಿಗೆ ಹೋಗ್ತದೆ. ಅಮೆರಿಕಾದ ಮೊದಲ 18 ಹೋಲಿನ (ಹೋಲ್ ಅಂದ್ರೆ ಬಾಲ್ ಹಾಕುವ ಗುಂಡಿ, ಅಲ್ಲಿಗೆ ಹೋಗುವ ಇಡೀ ದಾರಿಗೂ ಅದೇ ಹೆಸರು) ಕೋರ್ಸ್ ಆದದ್ದು ಈ ಮಿಡ್‌ವೆಸ್ಟಲ್ಲೇ, ಶಿಕಾಗೊ ಗಾಲ್ಫ್ ಕ್ಲಬ್, 1893ರಲ್ಲಿ. ನಮ್ಮ ಕಲ್ಕತ್ತಾದ ರಾಯಲ್ ಕ್ಲಬ್ 1829ರದ್ದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಎರಡೂ ಅದಕ್ಕಿಂತ ಹಳೇದು. ಇದನ್ನು ನಾನು ಊಟದ ಟೇಬಲ್ಲಲ್ಲಿ ಹೇಳಿದಾಗ ಅವರೆಲ್ಲ ಖುಷಿಯಿಂದ ಕೇಳಿದ್ರು, ನೀವೂ ನೆನಪಿಟ್ಕೊಳ್ಳಿ. ಅದೇ ಹೊತ್ತಿಗೆ ಅದಿತಿ ಅಶೋಕ್ ಹೆಸರು ಕೂಡ ಹೇಳಿ, ನಮ್ಮ ಬೆಂಗಳೂರಿನ ಹುಡುಗಿ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಲ್ಲಿ ನಾಲ್ಕನೇ ಸ್ಥಾನ, ಪದಕ ಒಂದೇ ಒಂದು ಹೊಡೆತದಲ್ಲಿ ತಪ್ಪಿದ್ದು.

ಈಗ ತಯಾರಿ. ಹೊರಡುದಕ್ಕೆ ಒಂದೆರಡು ತಿಂಗಳು ಮೊದ್ಲೇ ಶುರು ಮಾಡಿ, ಫೆಬ್ರವರಿ ಮಾರ್ಚ್ ಸೆಕೆ ಇದ್ರೂ ಬೆಳಿಗ್ಗೆ ಬೇಗ ಆಡ್ಬಹುದು, ಮಳೆ ಶುರು ಆದ್ಮೇಲೆ ನಮ್ಮ ಊರಲ್ಲಿ ಪ್ರಾಕ್ಟೀಸ್ ಕಷ್ಟ. ವಾಮಂಜೂರು ದಾಟಿ ಪಿಲಿಕುಳಕ್ಕೆ ಹೋಗಿ, ಹೊಸಬರಿಗೆ ಹೇಗೆ ಅಂತ ವಿಚಾರಿಸಿ. ಇಡೀ ಸೆಟ್ ತಗೊಳ್ಳುದು ಬೇಡ. ಬಾಲ್ ಎತ್ತಿ ಹೊಡೀಲಿಕ್ಕೆ ಒಂದು ಸೆವೆನ್ ಐರನ್, ಹೋಲಿಗೆ ತಳ್ಳಲಿಕ್ಕೆ ಒಂದು ಪಟ್ಟರ್, ಇಷ್ಟರಲ್ಲೇ ಎರಡು ತಿಂಗಳು ಕಲೀಬಹುದು.

ನಮ್ಮವರಿಗೆ ದೊಡ್ಡ ತೊಂದರೆ ಕ್ರಿಕೆಟ್. ಗದ್ದೆಯಲ್ಲಿ ಅಂಡರ್‌ಆರ್ಮ್ ಆಡಿ ಬೆಳೆದ ಕೈ, ಬಾಲ್ ಕಂಡ ಕೂಡ್ಲೇ ಎತ್ತಿ ಹೊಡೀಬೇಕು ಅಂತ ಭುಜ ಮುಂದೆ ಹೋಗ್ತದೆ, ಬಾಲ್ ಬಲಕ್ಕೆ ತಿರುಗಿ ಮರದ ಮಧ್ಯೆ. ಗಾಲ್ಫ್ ಬಾಲ್ ನಮ್ಮ ಕಡೆ ಬರುದಿಲ್ಲ, ಅಲ್ಲೇ ಕೂತಿರ್ತದೆ, ಅದನ್ನು ಎತ್ತುವ ಕೆಲ್ಸ ಕ್ಲಬ್ಬಿನ (ಹೊಡೆಯುವ ಕೋಲಿಗೂ ಕ್ಲಬ್ ಅಂತಲೇ ಹೆಸರು) ಓರೆ ಮುಖದ್ದು, ನಮ್ಮದಲ್ಲ. ಐರನಲ್ಲಿ ಕೆಳಗೆ ಹೊಡೆದ್ರೇ ಬಾಲ್ ಮೇಲೆ ಏಳುದು, ಮೊದ್ಲು ಬಾಲ್ ತಾಗ್ಬೇಕು ಮತ್ತೆ ಅದರ ಮುಂದಿನ ಹುಲ್ಲು. ಇದನ್ನು ನಂಬ್ಲಿಕ್ಕೆ ನನಗೆ ಒಂದು ತಿಂಗಳು ಬೇಕಾಯ್ತು. ಅರ್ಧ ಸ್ವಿಂಗ್ ಮಾತ್ರ ಮಾಡಿ, ಕೈ ಸೊಂಟದಿಂದ ಸ್ವಲ್ಪ ಮೇಲೆ, ಬಾಲ್ ಹೋದ್ಮೇಲೂ ತಲೆ ಒಂದು ಕ್ಷಣ ಅಲ್ಲೇ ಇರ್ಲಿ. 90 ಗಜ ನೇರ ಹೋದ್ರೆ ಅದು 160 ಗಜ ಹೋಗಿ ಕಾಡು ಸೇರುದಕ್ಕಿಂತ ಎಷ್ಟೋ ಒಳ್ಳೇದು. ಅಲ್ಲಿ ದೂರ ಎಲ್ಲ ಗಜದಲ್ಲೇ, ಮೀಟರ್ ಅಲ್ಲ, 150 ಗಜ ಅಂದ್ರೆ ಸುಮಾರು 137 ಮೀಟರ್.

ಪಟ್ಟಿಂಗ್ ಮಾತ್ರ ಮನೆಯಲ್ಲೇ ಕಲೀಬಹುದು. ಹಳೆ ಮನೆಯ ರೆಡ್ ಆಕ್ಸೈಡ್ ನೆಲ ಇದ್ರೆ ಅದೃಷ್ಟ. ಹೋಲಿನ ಅಗಲ 108 ಮಿಲಿಮೀಟರ್, ಅಷ್ಟಕ್ಕೆ ಒಂದು ಕಾಗದ ದುಂಡಗೆ ಕತ್ತರಿಸಿ ನೆಲದಲ್ಲಿಡಿ, ಚಾವಡಿಯ ಆಚೆ ಕೊನೆಯಿಂದ ಬಾಲ್ ತಳ್ಳಿ, ಕಾಗದದ ಮೇಲೆ ಹೋಗುದು ಮುಖ್ಯ ಅಲ್ಲ, ಅದರ ಹತ್ರ ಬಂದು ನಿಲ್ಲುದು ಮುಖ್ಯ. ಯಾಕಂದ್ರೆ ಅಲ್ಲಿನ ಗ್ರೀನ್, ಅಂದ್ರೆ ಹೋಲಿನ ಸುತ್ತ ಗಿಡ್ಡ ಕತ್ತರಿಸಿದ ಹುಲ್ಲಿನ ಜಾಗ, ಅಷ್ಟು ನುಣುಪು. ಅದರ ವೇಗ ಅಳೀಲಿಕ್ಕೆ ಸ್ಟಿಂಪ್‌ಮೀಟರ್ ಅಂತ ಒಂದು ಅಲ್ಯೂಮಿನಿಯಂ ಪಟ್ಟಿ ಉಂಟು, 36 ಇಂಚು ಉದ್ದ, ಅದರ ಮೇಲಿನ ಒಂದು ಗುಳಿಯಲ್ಲಿ ಬಾಲ್ ಇಟ್ಟು ಪಟ್ಟಿಯನ್ನು ನಿಧಾನ ಎತ್ತಿದ್ರೆ ಬಾಲ್ ಉರುಳಿ ಗ್ರೀನಲ್ಲಿ ಎಷ್ಟು ಅಡಿ ಹೋಗ್ತದೋ ಅದೇ ವೇಗ. ಒಳ್ಳೆ ಕ್ಲಬ್ಬುಗಳಲ್ಲಿ 10 ಅಡಿ ಸಾಮಾನ್ಯ. ನಮ್ಮ ಊರಿನ ದಪ್ಪ ಹುಲ್ಲಲ್ಲಿ ತಳ್ಳುವ ಹಾಗೆ ಅಲ್ಲಿ ತಳ್ಳಿದ್ರೆ ಬಾಲ್ ಗ್ರೀನ್ ದಾಟಿ ಆಚೆ ಬಂಕರಿಗೆ, ಅಂದ್ರೆ ಹೊಯ್ಗೆ ಗುಂಡಿಗೆ, ಬೀಳ್ತದೆ, ಇಳಿಜಾರಲ್ಲಂತೂ ಮುಟ್ಟಿದ್ರೆ ಸಾಕು.

ಪ್ಯಾಕಿಂಗ್ ಬಗ್ಗೆ. ಕಾಲರ್ ಇರುವ ಟೀ ಶರ್ಟ್ ಎರಡು, ಜೀನ್ಸ್ ಅಲ್ಲದ ಪ್ಯಾಂಟ್, ಅಂಗಿ ಪ್ಯಾಂಟಿನ ಒಳಗೆ ಹಾಕಿ ಬೆಲ್ಟ್. ಶೂ ಹಳೇದು ತಗೊಂಡು ಹೋಗುದಾದ್ರೆ ಅಡಿಯ ಕೆಂಪು ಮಣ್ಣು ಒಂದು ಚೂರೂ ಇಲ್ಲದ ಹಾಗೆ ಬ್ರಷ್ ಹಾಕಿ ತೊಳೆದು ಒಣಗಿಸಿ, ಅಮೆರಿಕಾದ ಕಸ್ಟಮ್ಸಲ್ಲಿ ಮಣ್ಣು ತಂದಿದ್ದೀರಾ ಅಂತ ಕೇಳ್ತಾರೆ, ಮಣ್ಣಲ್ಲಿ ರೋಗ ಕೀಟ ಬರ್ತದೆ ಅಂತ ಅವರಿಗೆ ಹೆದರಿಕೆ, ಅದು ಸರಿಯೇ. ಲೆದರ್ ಗ್ಲೌಸ್ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡೀತದೆ, ಅಲ್ಲಿ ಹೋಗಿ ಹೊಸತು ತಗೊಳ್ಳಿ. ಗಾಲ್ಫ್ ಸೆಟ್ ಇಲ್ಲಿಂದ ಹೊತ್ಕೊಂಡು ಹೋಗುದು ಬೇಡವೇ ಬೇಡ, ಕ್ಲಬ್ಬಲ್ಲಿ ಬಾಡಿಗೆಗೆ ಸಿಗ್ತದಾ ಅಂತ ಕರೆದವರ ಹತ್ರ ಕೇಳಿದ್ರೆ ಅವರೇ ಏರ್ಪಾಡು ಮಾಡ್ತಾರೆ, ನನಗೆ ಅವರ ಹಳೆ ಸೆಟ್ಟೇ ಸಿಕ್ಕಿತು. ಬ್ಯಾಗಲ್ಲಿ 14 ಕ್ಲಬ್ಬಿಗಿಂತ ಜಾಸ್ತಿ ಇಟ್ಕೊಳ್ಳುವ ಹಾಗಿಲ್ಲ ಅಂತ ನಿಯಮ, ನಮಗೆ ಆರೇಳು ಧಾರಾಳ ಆಯ್ತು. ಇನ್ನೊಂದು, ಗೇರುಬೀಜ. ಹುರಿದು ಸೀಲ್ ಮಾಡಿದ ಪ್ಯಾಕೆಟ್ ಎರಡು ಹೆಚ್ಚಿಗೆ ಇಟ್ಕೊಳ್ಳಿ, ಯಾಕೆ ಅಂತ ಕೊನೆಗೆ ಹೇಳ್ತೇನೆ.

ಆಟದ ದಿನ ಟೀ ಟೈಮಿಗಿಂತ 45 ನಿಮಿಷ ಮೊದ್ಲು ಅಲ್ಲಿರ್ಬೇಕು. ಟೀ ಟೈಮ್ 8:10 ಅಂದ್ರೆ 8:10ಕ್ಕೆ ಮೊದಲ ಬಾಲ್ ಹೊಡೀಬೇಕು, ನಮ್ಮ ಮದುವೆ ಕಾರ್ಡಿನ ಟೈಮಿನ ಹಾಗೆ ಅಲ್ಲ. ನಿಮ್ಮ ಹಿಂದೆ ಹತ್ತೇ ನಿಮಿಷಕ್ಕೆ ಇನ್ನೂ ನಾಲ್ಕು ಜನ ನಿಂತಿರ್ತಾರೆ. ಗೇಟಿನ ಹತ್ರ ಹುಡುಗರು ಬಂದು ಬ್ಯಾಗ್ ತಗೊಂಡು ಹೋಗ್ತಾರೆ, ಅದು ಸೀದಾ ಕಾರ್ಟಿಗೆ, ಅಂದ್ರೆ ಕೋರ್ಸಲ್ಲಿ ಓಡಾಡುವ ಸಣ್ಣ ಗಾಡಿಗೆ, ಹೋಗ್ತದೆ, ಚಿಂತೆ ಬೇಡ. ಶೂ ಕಾರ್ ಪಾರ್ಕಿಂಗಲ್ಲಿ ನಿಂತು ಬದಲಿಸ್ಬೇಡಿ, ಒಳಗೆ ಲಾಕರ್ ರೂಮ್ ಉಂಟು. ಬಿಲ್ಡಿಂಗ್ ಒಳಗೆ ಹೋಗುವಾಗ ಟೊಪ್ಪಿ ತೆಗೀಬೇಕು. ಫೋನ್ ಸೈಲೆಂಟಲ್ಲಿ ಹಾಕಿ ಬ್ಯಾಗಲ್ಲಿ ಬಿಡಿ, ಊರಿಂದ ಫೋನ್ ಬಂದ್ರೆ ಸಂಜೆ ಮಾತಾಡುವ.

ಟೀ ಅಂದ್ರೆ ಇಲ್ಲಿ ಕುಡಿಯುವ ಚಾ ಅಲ್ಲ, ಒಂದೊಂದು ಹೋಲಿಗೆ ಮೊದಲ ಹೊಡೆತ ಹೊಡೆಯುವ ಜಾಗ. ಮೊದಲ ಟೀ ಹತ್ರ ಹೋಗುವಾಗ್ಲೇ ಕರೆದವರಿಗೆ ನಾನು ಹೊಸಬ ಅಂತ ಮುಚ್ಚುಮರೆ ಇಲ್ಲದೆ ಹೇಳಿ, ಅತೀ ಮುಂದಿನ ಟೀಯಿಂದ ಆಡ್ತೇನೆ ಅಂತ ಹೇಳಿ. ಪ್ರತಿ ಹೋಲಿಗೂ ನಾಲ್ಕೈದು ಕಡೆ ಟೀ ಗುರುತು ಇರ್ತದೆ, ಹಿಂದಿನದ್ದಕ್ಕೂ ಮುಂದಿನದ್ದಕ್ಕೂ ಒಂದೊಂದು ಹೋಲಲ್ಲಿ ನೂರು ಗಜಕ್ಕಿಂತ ಜಾಸ್ತಿ ವ್ಯತ್ಯಾಸ. ಮುಂದಿನಿಂದ ಆಡುದು ಅವಮಾನ ಅಲ್ಲ. ಸಾಧ್ಯ ಆದ್ರೆ ಸ್ಕ್ರಾಂಬಲ್ ಆಡುವನಾ ಅಂತ ಕೇಳಿ, ಅಂದ್ರೆ ಎಲ್ಲರೂ ಹೊಡೀತಾರೆ, ಅದ್ರಲ್ಲಿ ಚೆಂದ ಬಿದ್ದ ಬಾಲ್ ಇರುವ ಜಾಗದಿಂದ ಎಲ್ಲರೂ ಮುಂದಿನ ಹೊಡೆತ, ಹೊಸಬರಿಗೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ, ಹದಿನೆಂಟರಲ್ಲಿ ಒಂದೆರಡು ಸಲ ನಿಮ್ಮ ಬಾಲನ್ನೇ ಆರಿಸ್ತಾರೆ, ಆಗ ಆಗುವ ಸಂತೋಷವೇ ಬೇರೆ.

ಬೇರೆಯವರು ಹೊಡೆಯುವಾಗ ಅವರ ಬೆನ್ನ ಹಿಂದೆ ನಿಲ್ಬೇಡಿ, ಬಾಲಿನ ನೇರದಲ್ಲಿ ಮುಂದೂ ನಿಲ್ಬೇಡಿ, ಅವರ ಮುಖಕ್ಕೆ ಎದುರಾಗಿ ಸ್ವಲ್ಪ ದೂರ ನಿಂತು ಮಾತು ನಿಲ್ಸಿ. ನಿಮ್ಮ ಬಾಲ್ ಯಾರ ಕಡೆಗಾದ್ರೂ ಹೋಯ್ತು ಅಂದ್ರೆ "ಫೋರ್" ಅಂತ ಗಂಟಲು ಹರಿಯುವಷ್ಟು ಜೋರಾಗಿ ಕೂಗ್ಬೇಕು, ನಾಚಿಕೆ ಮಾಡಿದ್ರೆ ಯಾರದ್ದೋ ತಲೆ ಒಡೀತದೆ. ಬೇರೆಯವರು ಕೂಗಿದ್ದು ಕೇಳಿದ್ರೆ ತಿರುಗಿ ನೋಡ್ಬೇಡಿ, ಎರಡೂ ಕೈಯಲ್ಲಿ ತಲೆ ಮುಚ್ಚಿ ಬಗ್ಗಿ.

ವೇಗದ ವಿಷಯ. ನಾಲ್ಕು ಜನ 18 ಹೋಲ್ ಆಡ್ಲಿಕ್ಕೆ ನಾಲ್ಕರಿಂದ ನಾಲ್ಕೂವರೆ ಗಂಟೆ. ಹೊಸಬರು ತಡ ಮಾಡುದು ಕೆಟ್ಟ ಹೊಡೆತದಿಂದ ಅಲ್ಲ, ಎರಡು ಹೊಡೆತದ ಮಧ್ಯೆ ಸಮಯ ಹಾಳು ಮಾಡುದ್ರಿಂದ. ಒಂದೇ ಪ್ರಾಕ್ಟೀಸ್ ಸ್ವಿಂಗ್, ಮತ್ತೆ ಹೊಡೀರಿ. ನೀವು ರೆಡಿ ಇದ್ದು ಮುಂದೆ ಯಾರೂ ಇಲ್ಲ ಅಂದ್ರೆ ಸರದಿ ಕಾಯದೆ ಹೊಡೀಬಹುದು, 2019ರಲ್ಲಿ ನಿಯಮ ಬದಲಾದಾಗಿಂದ ಅದನ್ನೇ ಮಾಡಿ ಅಂತ ಹೇಳ್ತಾರೆ. ಬಾಲ್ ಹುಡುಕ್ಲಿಕ್ಕೆ ಮೊದ್ಲು 5 ನಿಮಿಷ ಇದ್ದದ್ದು ಆ ವರ್ಷದಿಂದ 3 ನಿಮಿಷ. ಕಾಡಿಗೆ ಹೋಯ್ತು ಅಂತ ಅನುಮಾನ ಬಂದ್ರೆ ಅಲ್ಲೇ "ಪ್ರೊವಿಷನಲ್", ಅಂದ್ರೆ ಮೊದಲಿನದ್ದು ಸಿಗದಿದ್ರೆ ಇರ್ಲಿ ಅಂತ ತಾತ್ಕಾಲಿಕ ಬಾಲ್, ಅಂತ ಹೇಳಿ ಇನ್ನೊಂದು ಹೊಡೆದು ಮುಂದೆ ಹೋಗಿ. ಬಿಳಿ ಗೂಟದಾಚೆ ಹೋದ ಬಾಲ್ ಹೋದ ಹಾಗೆಯೇ, ಹಳದಿ ಕೆಂಪು ಗೂಟ ಅಂದ್ರೆ ಕೆರೆ ತೋಡು ಇರುವ ಪೆನಾಲ್ಟಿ ಜಾಗ, ಒಂದು ಹೊಡೆತ ಹೆಚ್ಚಿಗೆ ಬರ್ಕೊಂಡು ಹೊರಗೆ ಮೊಣಕಾಲು ಎತ್ತರದಿಂದ ಡ್ರಾಪ್ ಮಾಡಿ ಆಡುದು. ಮತ್ತೆ ಪಾರ್‌ನ (ಆ ಹೋಲಿಗೆ ಒಳ್ಳೆ ಆಟಗಾರರಿಗೆ ಇಷ್ಟು ಹೊಡೆತ ಸಾಕು ಅಂತ ಇಟ್ಟ ಲೆಕ್ಕ) ಎರಡು ಪಾಲು ಆಯ್ತಾ, ಅಂದ್ರೆ ಪಾರ್ 4ರಲ್ಲಿ 8 ಹೊಡೆದಾಯ್ತಾ, ಬಾಲ್ ಎತ್ತಿ ಕಿಸೆಗೆ ಹಾಕಿ ಮುಂದಿನ ಹೋಲಿಗೆ ನಡೀರಿ. ಯಾರೂ ಬೇಸರ ಮಾಡುದಿಲ್ಲ, ನಿಟ್ಟುಸಿರು ಬಿಟ್ಟು ಥ್ಯಾಂಕ್ಸ್ ಹೇಳ್ತಾರೆ.

ಇನ್ನು ನೆಲ. ಇದು ನನಗೆ ಹತ್ತಿರದ ವಿಷಯ, ಸ್ವಲ್ಪ ಉದ್ದ ಹೇಳ್ತೇನೆ.

ನಮ್ಮ ಕಡೆ ಬಿಸಿಲಿಗೆ ಮಳೆಗೆ ತಡೆಯುವ ಹುಲ್ಲು ಅಂದ್ರೆ ಬರ್ಮುಡಾ ಜಾತಿ, ಅದು ಬೇರೆ ಎಂತದ್ದೂ ಅಲ್ಲ, ನಾವು ಗಣಪತಿಗೆ ಇಡುವ ಗರಿಕೆಯೇ. ಗರಿಕೆಯ ಗುಣ ನಿಮಗೆ ಗೊತ್ತುಂಟಲ್ಲ, ಕಿತ್ತು ಬಿಸಾಡಿದ್ರೂ ಗಂಟಿನಿಂದ ಚಿಗುರಿ ಅಂಗಳ ಇಡೀ ಹರಡ್ತದೆ. ಆದ್ರೆ ಮಿಡ್‌ವೆಸ್ಟಿನ ಚಳಿಗಾಲಕ್ಕೆ ಗರಿಕೆ ಸುಲಭದಲ್ಲಿ ತಡೆಯುದಿಲ್ಲ, ಅಲ್ಲಿ ಹಿಮ ಬಿದ್ದು ನೆಲವೇ ಗಟ್ಟಿ ಆಗ್ತದೆ. ಅದಕ್ಕೆ ಗ್ರೀನಿಗೆ ಬೆಂಟ್‌ಗ್ರಾಸ್, ಸುತ್ತಿನ ಉದ್ದ ಹುಲ್ಲಿಗೆ ಕೆಂಟಕಿ ಬ್ಲೂಗ್ರಾಸ್ ಅಂತ ಚಳಿ ಜಾತಿಯ ಹುಲ್ಲು ಹಾಕ್ತಾರೆ. ಗ್ರೀನಿನ ಬೆಂಟ್‌ಗ್ರಾಸನ್ನು 3 ಮಿಲಿಮೀಟರ್ ಹತ್ರ ಕತ್ತರಿಸ್ತಾರೆ, ಹೆಚ್ಚುಕಡಿಮೆ ಎರಡು ಅಕ್ಕಿ ಕಾಳು ಒಂದರ ಮೇಲೊಂದು ಮಲಗಿಸಿದಷ್ಟು. ಅಷ್ಟು ಗಿಡ್ಡ ಮಾಡಿದ ಹುಲ್ಲು ಜುಲೈ ಆಗಸ್ಟ್ ಸೆಕೆಗೆ ಸಾಯುವ ಹಾಗೆ ಆಗ್ತದೆ, ಮಧ್ಯಾಹ್ನ ಕೆಲಸದವರು ಪೈಪ್ ಹಿಡ್ಕೊಂಡು ತೆಳ್ಳಗೆ ನೀರು ಹೊಡೀತಾ ಇರುದು ಕಾಣ್ತದೆ, ಅದು ಬೇರಿಗೆ ಅಲ್ಲ, ಎಲೆ ತಂಪು ಮಾಡ್ಲಿಕ್ಕೆ. ಅವರು ಗ್ರೀನಲ್ಲಿದ್ರೆ ನೀವು ನಿಂತು ಕಾಯಿರಿ, ಅವರು ಕೈ ಬೀಸಿದ್ಮೇಲೆ ಹೊಡೀರಿ. ಬೆಳಿಗ್ಗೆ ಬೆಳಕಾಗುವ ಮೊದ್ಲೇ ಬಂದು ಹುಲ್ಲು ಕತ್ತರಿಸುದು, ಹೋಲಿನ ಜಾಗ ಬದಲಿಸುದು, ಬಂಕರ್ ಗೀರುದು ಎಲ್ಲ ಅವರದ್ದೇ. ನಮ್ಮ ಅಜ್ಜಂದಿರು ಗದ್ದೆಯ ಪುಣಿಯಲ್ಲಿ ಒಂದು ಏಡಿ ತೂತು ಕಂಡ್ರೂ ಬಿಡದೆ ಮುಚ್ತಿದ್ರಲ್ಲ, ಅದೇ ಥರದ ಕೆಲ್ಸ.

ಎತ್ತರದಿಂದ ಬಾಲ್ ಗ್ರೀನಿಗೆ ಬಿದ್ದಾಗ ಒಂದು ಸಣ್ಣ ಗುಂಡಿ ಆಗ್ತದೆ. ಅದನ್ನು ಸರಿ ಮಾಡ್ಲಿಕ್ಕೆ ಎರಡು ಹಲ್ಲಿನ ಒಂದು ಸಣ್ಣ ಫೋರ್ಕ್ ಇರ್ತದೆ, ಕಿಸೆಯಲ್ಲೇ ಇಟ್ಕೊಳ್ಳಿ. ಹೆಚ್ಚಿನವರು ಮಾಡುವ ತಪ್ಪು ಎಂತ ಅಂದ್ರೆ ಫೋರ್ಕನ್ನು ಗುಂಡಿ ಒಳಗೆ ತೂರಿಸಿ ಮಣ್ಣನ್ನು ಮೇಲಕ್ಕೆ ಮೀಟುದು. ಹಾಗೆ ಮಾಡಿದ್ರೆ ಬೇರು ತುಂಡಾಗಿ ಆ ಜಾಗ ಒಣಗಿ ಕಂದು ಚುಕ್ಕೆ ಆಗ್ತದೆ. ಸರಿಯಾದ ಕ್ರಮ, ಗುಂಡಿಯ ಅಂಚಿನ ಹೊರಗೆ ಫೋರ್ಕ್ ಚುಚ್ಚಿ ಹುಲ್ಲನ್ನು ಮಧ್ಯಕ್ಕೆ ತಳ್ಳಿ, ನಾಲ್ಕೂ ಸುತ್ತಿನಿಂದ ಹಾಗೆ ತಳ್ಳಿ, ಮತ್ತೆ ಪಟ್ಟರಿನ ಅಡಿಯಿಂದ ಮೆಲ್ಲ ತಟ್ಟಿ ಸಮ ಮಾಡಿ. ಕೂಡ್ಲೇ ಮಾಡಿದ್ರೆ ಕೆಲವು ದಿನದಲ್ಲಿ ಗುಣ ಆಗ್ತದೆ, ಬಿಟ್ರೆ ವಾರಗಟ್ಟಲೆ ಗಾಯ ಹಾಗೇ ಇರ್ತದೆ. ನಿಮ್ಮ ಒಂದು ಗುಂಡಿ ಮುಚ್ಚಿದ್ಮೇಲೆ ಪಕ್ಕದಲ್ಲಿ ಯಾರೋ ಬಿಟ್ಟುಹೋದ ಇನ್ನೊಂದನ್ನೂ ಮುಚ್ಚಿ. ನಾನು ಎರಡನೇ ಸಲ ಹೋದಾಗ ಹಾಗೆ ಮಾಡ್ತಾ ಇದ್ದದ್ದನ್ನು ಆ ಹಿರಿಯರು ದೂರದಿಂದ ನೋಡಿ, ರಾತ್ರಿ ನನ್ನ ಮಗಳ ಹತ್ರ ಬಂದು ಹೇಳಿ ಹೋದ್ರು. ನನ್ನ ಒಂದು ಒಳ್ಳೆ ಹೊಡೆತದ ಬಗ್ಗೆ ಮಾತೇ ಇಲ್ಲ, ಇದನ್ನು ಮಾತ್ರ ಹೇಳಿದ್ರು.

ಫೇರ್‌ವೇಯಲ್ಲಿ, ಅಂದ್ರೆ ಟೀಯಿಂದ ಗ್ರೀನಿನವರೆಗಿನ ಕತ್ತರಿಸಿದ ಹುಲ್ಲಿನ ದಾರಿಯಲ್ಲಿ, ಐರನ್ ಹೊಡೆದಾಗ ಹುಲ್ಲಿನ ಒಂದು ಹೆಂಟೆ ಎದ್ದು ಹಾರ್ತದೆ, ಅದು ಡಿವಟ್. ಎದ್ದ ಹೆಂಟೆ ಇಡಿಯಾಗಿ ಇದ್ರೆ ತಂದು ಅದೇ ಜಾಗದಲ್ಲಿ ಇಟ್ಟು ಕಾಲಲ್ಲಿ ಒತ್ತಿ, ಬೇರು ಹಿಡೀತದೆ. ಪುಡಿ ಆಗಿದ್ರೆ ಕಾರ್ಟಲ್ಲಿ ಒಂದು ಬಾಟ್ಲಿಯಲ್ಲಿ ಹೊಯ್ಗೆಗೆ ಹುಲ್ಲಿನ ಬೀಜ ಬೆರೆಸಿ ಇಟ್ಟಿರ್ತಾರೆ, ಅದನ್ನು ಗುಂಡಿಗೆ ಸುರಿದು ಕಾಲಲ್ಲಿ ಸಮ ಮಾಡಿ. ಯಾವುದು ಮಾಡ್ಬೇಕು ಅಂತ ಆ ಕ್ಲಬ್ಬಿನವರನ್ನೇ ಕೇಳಿ, ಒಂದೊಂದು ಕಡೆ ಒಂದೊಂದು ಕ್ರಮ.

ಬಂಕರಿಗೆ ಇಳಿಯುವಾಗ ಎತ್ತರದ ಗೋಡೆ ಕಡೆಯಿಂದ ಹಾರ್ಬೇಡಿ, ಅಂಚು ಕುಸೀತದೆ, ತಗ್ಗಿನ ಕಡೆಯಿಂದ ಇಳೀರಿ, ಕುಂಟೆ ಜೊತೆಗೇ ತಗೊಂಡು ಹೋಗಿ, ಹೊಡೆದ್ಮೇಲೆ ಹಿಂದೆ ಹಿಂದೆ ಬರ್ತಾ ನಿಮ್ಮ ಹೆಜ್ಜೆ ಎಲ್ಲ ಅಳಿಸಿ ಹೊಯ್ಗೆ ಸಮ ಮಾಡಿ. ಹೊಡೆಯುವ ಮೊದ್ಲು ಕ್ಲಬ್ ಹೊಯ್ಗೆಗೆ ಮುಟ್ಟಿಸಿ ನೋಡುವ ಹಾಗಿಲ್ಲ. ಹೊಡೀಲಿಕ್ಕೆ ಗೊತ್ತಿಲ್ದಿದ್ರೆ ಬಾಲಿಗೆ ಹೊಡೀಬೇಡಿ, ಬಾಲಿನ ಎರಡು ಇಂಚು ಹಿಂದಿನ ಹೊಯ್ಗೆಗೆ ಹೊಡೀರಿ, ಹೊಯ್ಗೆಯೇ ಬಾಲನ್ನು ಹೊರಗೆ ಹಾಕ್ತದೆ.

ಗ್ರೀನ್ ಮೇಲೆ ಎಲ್ಲಿ ಕಾಲಿಡ್ತೀರಿ ಅಂತ ನೋಡಿ. ಬೇರೆಯವರ ಬಾಲಿಗೂ ಹೋಲಿಗೂ ಮಧ್ಯೆ ಒಂದು ಕಾಣದ ಗೆರೆ ಉಂಟು, ಅದನ್ನು ತುಳೀಬಾರ್ದು, ದಾಟಿ ಹೋಗಿ ಅಥವಾ ಸುತ್ತಿ ಹೋಗಿ. ನಾನು ಮೊದಲ ದಿನ ತುಳಿದೆ. ಆ ಹಿರಿಯರು ಬೈಯ್ಯಲಿಲ್ಲ, ಮುಂದಿನ ಗ್ರೀನಲ್ಲಿ ನನ್ನ ಭುಜ ಹಿಡಿದು ಕೂರಿಸಿ, ಬೆಳಿಗ್ಗಿನ ಇಬ್ಬನಿಯಲ್ಲಿ ಒಬ್ಬರ ಹೆಜ್ಜೆ ಹೇಗೆ ಅಚ್ಚು ಬಿದ್ದಿದೆ, ಅದರ ಮೇಲೆ ಬಾಲ್ ಹೇಗೆ ನಡುಗಿ ಹೋಗ್ತದೆ ಅಂತ ತೋರಿಸಿದ್ರು. ಅದನ್ನು ಕಣ್ಣಲ್ಲಿ ನೋಡಿದ್ಮೇಲೆ ಮತ್ತೆ ಯಾವತ್ತೂ ಮರೀಲಿಲ್ಲ. ಬ್ಯಾಗನ್ನು ಗ್ರೀನ್ ಮೇಲೆ ಇಡ್ಬಾರ್ದು, ಕಾರ್ಟ್ ಅಂತೂ ಹತ್ರವೂ ತರ್ಬಾರ್ದು.

ಏಪ್ರಿಲಲ್ಲಿ ಅಥವಾ ಅಕ್ಟೋಬರಲ್ಲಿ ಹೋದ್ರೆ ಬೆಳಿಗ್ಗೆ "ಫ್ರಾಸ್ಟ್ ಡಿಲೇ" ಅಂತ ಆಟ ಮುಂದೆ ಹಾಕ್ತಾರೆ. ನಮಗೆ ಇದು ಹೊಸತು. ಹುಲ್ಲಿನ ಮೇಲೆ ಮಂಜು ಗಟ್ಟಿ ಆಗಿರುವಾಗ ತುಳಿದ್ರೆ ಎಲೆಯ ಒಳಗಿನ ಜೀವಕೋಶ ಒಡೀತದೆ, ಮಧ್ಯಾಹ್ನದ ಹೊತ್ತಿಗೆ ಹೆಜ್ಜೆ ಹೆಜ್ಜೆ ಕಂದಾಗಿ ಕಾಣ್ತದೆ. ಬಿಸಿಲು ಬರುವವರೆಗೆ ಕಾಫಿ ಕುಡೀತಾ ಕೂರಿ, ಹುಲ್ಲಿಗೆ ಒಂದು ಹೆಜ್ಜೆಯೂ ಇಡ್ಬೇಡಿ, ಫೋಟೋ ತೆಗೀಲಿಕ್ಕೂ ಬೇಡ. ಆಗಸ್ಟ್ ಕೊನೆ ಸೆಪ್ಟೆಂಬರ್ ಹೊತ್ತಿಗೆ ಹೋದ್ರೆ ಗ್ರೀನ್ ತುಂಬ ಸಣ್ಣ ಸಣ್ಣ ತೂತು ಕಂಡು ಗಾಬರಿ ಆಗ್ಬಹುದು, ಅದು ಬೇಕಂತಲೇ ಮಾಡುದು, ಬೇರಿಗೆ ಗಾಳಿ ಹೋಗ್ಲಿ ಅಂತ ಮಣ್ಣು ತೆಗೆದು ಮೇಲೆ ಹೊಯ್ಗೆ ಹಾಕ್ತಾರೆ. ಬಾಲ್ ಕುಣೀತಾ ಹೋಗ್ತದೆ, ದೂರು ಹೇಳ್ಬೇಡಿ.

ಕಾರ್ಟ್ ಓಡಿಸುದು ಸುಲಭ, ಆದ್ರೆ ಮಳೆ ಬಂದ ಮರುದಿನ ಸಿಮೆಂಟ್ ದಾರಿ ಬಿಟ್ಟು ಇಳಿಯುವ ಹಾಗಿಲ್ಲ ಅಂತ ಬೋರ್ಡ್ ಹಾಕಿರ್ತಾರೆ. ಮಂಡಿ ನೋವು ಇಲ್ದಿದ್ರೆ ನಡೀರಿ, ಸುಮಾರು ಏಳೆಂಟು ಕಿಲೋಮೀಟರ್ ಆಗ್ತದೆ, ಒಳ್ಳೆ ವ್ಯಾಯಾಮ.

ನಡೆದ್ರೆ ಇನ್ನೊಂದು ಲಾಭ, ಕ್ಯಾಡಿ, ಅಂದ್ರೆ ಬ್ಯಾಗ್ ಹೊತ್ಕೊಂಡು ಜೊತೆಗೆ ಬಂದು ಸಲಹೆ ಕೊಡುವವರು, ಸಿಗ್ತಾರೆ. ಮಿಡ್‌ವೆಸ್ಟಿನ ಹಲವು ಕ್ಲಬ್ಬುಗಳಲ್ಲಿ ಹೈಸ್ಕೂಲು ಹುಡುಗ ಹುಡುಗಿಯರು ರಜೆಯಲ್ಲಿ ಕ್ಯಾಡಿ ಕೆಲ್ಸ ಮಾಡ್ತಾರೆ. ಅವರನ್ನು ಬರೀ ಬ್ಯಾಗ್ ಹೊರುವವರು ಅಂತ ನೋಡ್ಬೇಡಿ. ಶಿಕಾಗೊದ ಚಿಕ್ ಇವಾನ್ಸ್ ಅಂತ ಒಬ್ರು ಇದ್ರು, ಅವರೇ ಹುಡುಗ ಆಗಿದ್ದಾಗ ಕ್ಯಾಡಿ, 1916ರಲ್ಲಿ ಯು.ಎಸ್. ಓಪನ್ ಮತ್ತೆ ಯು.ಎಸ್. ಅಮೆಚೂರ್ ಅಂತ ಎರಡು ದೊಡ್ಡ ಪಂದ್ಯಾವಳಿಯನ್ನೂ ಗೆದ್ರು. ಅಮೆಚೂರ್ ಅಂದ್ರೆ ದುಡ್ಡಿಗಾಗಿ ಆಡದವರು. ಗಾಲ್ಫಿನಿಂದ ಬಂದ ದುಡ್ಡು ಕೈಯಲ್ಲಿ ಇಟ್ಕೊಂಡ್ರೆ ಅಮೆಚೂರ್ ಸ್ಥಾನ ಹೋಗ್ತದೆ, ಆಗ ಅವರ ಅಮ್ಮನ ಸಲಹೆಯ ಹಾಗೆ ಆ ದುಡ್ಡನ್ನು ಕ್ಯಾಡಿ ಮಕ್ಕಳ ಕಾಲೇಜಿಗೆ ಇಟ್ರು. 1930ರಲ್ಲಿ ಮೊದಲ ಇಬ್ಬರು ಹುಡುಗರು ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಗೆ ಸೇರಿದ್ರು, ಇವತ್ತಿಗೂ ಆ ಸ್ಕಾಲರ್‌ಶಿಪ್ ನಡೀತಾ ಉಂಟು, ಫೀಸ್ ಮತ್ತೆ ಉಳ್ಕೊಳ್ಳುವ ಖರ್ಚು ಪೂರ್ತಿ. ಮಕ್ಕಳ ಓದಿಗೆ ಅಂತ ಹೊಟ್ಟೆ ಬಟ್ಟೆ ಕಟ್ಟಿ ದುಡಿದ ನಮ್ಮ ಜಿಲ್ಲೆಯವರಿಗೆ ಇದರ ಬೆಲೆ ಹೇಳ್ಬೇಕಾಗಿಲ್ಲ. ನನ್ನ ಬ್ಯಾಗ್ ಹೊತ್ತ ಹುಡುಗಿ ಆ ಸ್ಕಾಲರ್‌ಶಿಪ್ಪಿಗೆ ಅರ್ಜಿ ಹಾಕ್ಲಿಕ್ಕೆ ತಯಾರಿ ಮಾಡ್ತಾ ಇದ್ದವಳು, ಹದಿನಾರು ವರ್ಷ, ಗ್ರೀನಿನ ಇಳಿಜಾರು ಅವಳಿಗೆ ಅಂಗೈ ರೇಖೆ ಹಾಗೆ ಗೊತ್ತು. ಹೆಸರು ಕೇಳಿ ಹೆಸರಿಂದ ಕರೀರಿ, ಅವಳು ಎರಡು ಇಂಚು ಎಡಕ್ಕೆ ಅಂದ್ರೆ ಎರಡು ಇಂಚು ಎಡಕ್ಕೆ ಹೊಡೀರಿ, ಕೊನೆಗೆ ಕೈ ಕುಲುಕಿ ದುಡ್ಡು ಕೊಡಿ. ಎಷ್ಟು ಕೊಡುದು ಅಂತ ಹಿಂದಿನ ದಿನವೇ ಕರೆದವರ ಹತ್ರ ಕೇಳಿ ನೋಟು ಕಿಸೆಯಲ್ಲಿ ಇಟ್ಕೊಂಡಿರ್ಬೇಕು.

ಸಿಡಿಲು ಮಳೆ ಬಗ್ಗೆ ನಮಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ, ಏಪ್ರಿಲ್ ಸಂಜೆ ತೆಂಗಿನ ಮರಕ್ಕೆ ಸಿಡಿಲು ಬಡಿದದ್ದು ನೋಡಿಯೇ ದೊಡ್ಡವರಾದದ್ದು. ಅಲ್ಲೂ ಬೇಸಗೆಯಲ್ಲಿ ಹಾಗೇ ಧಡಕ್ಕನೆ ಮೋಡ ಕಟ್ತದೆ. ಒಂದು ಉದ್ದ ಸೈರನ್ ಕೇಳಿದ್ರೆ ಅರ್ಧ ಹೊಡೆತದಲ್ಲಿದ್ರೂ ಕ್ಲಬ್ ಕೆಳಗಿಟ್ಟು ಹೊರಡಿ. ಮರದಡಿ ಬೇಡ, ಕಾರ್ಟ್ ಒಳಗೆ ಕೂತ್ರೂ ರಕ್ಷಣೆ ಇಲ್ಲ, ಕ್ಲಬ್‌ಹೌಸಿಗೇ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗದೆ ಹೊರಗೆ ಬರ್ಬೇಡಿ.

ಬಾಲ್ ಮರಗಳ ಮಧ್ಯೆ ಹೋದ್ರೆ ಪೊದೆಗೆ ಕೈ ಹಾಕುವ ಮೊದ್ಲು ನೋಡಿ. ಪಾಯ್ಸನ್ ಐವಿ ಅಂತ ಒಂದು ಬಳ್ಳಿ, ಮೂರು ಮೂರು ಎಲೆ, ಮುಟ್ಟಿದ್ರೆ ಚರ್ಮ ಸುಟ್ಟ ಹಾಗೆ ಗುಳ್ಳೆ ಏಳ್ತದೆ. ಅದು ನಮ್ಮ ಚೇರೆ ಮರದ, ಗೇರಿನ, ಮಾವಿನ ಕುಟುಂಬದ್ದೇ, ಹಸಿ ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದವರಿಗೆ ಅರ್ಥ ಆಗ್ತದೆ. ಒಂದು ಬಾಲಿಗಾಗಿ ಅಲ್ಲಿ ನುಗ್ಗುದು ಬೇಡ. ಉಣ್ಣಿಯೂ ಉಂಟು, ಮನೆಗೆ ಬಂದು ಸ್ನಾನ ಮಾಡುವಾಗ ಕಾಲು ನೋಡ್ಕೊಳ್ಳಿ.

ಒಂಬತ್ತು ಹೋಲ್ ಆದ್ಮೇಲೆ ಒಂದು ಸಣ್ಣ ಅಂಗಡಿ ಹತ್ರ ಐದು ನಿಮಿಷ ನಿಲ್ಲಿಸ್ತಾರೆ. ಸಸ್ಯಾಹಾರಿಗಳಿಗೆ ಗ್ರಿಲ್ಡ್ ಚೀಸ್ ಸ್ಯಾಂಡ್‌ವಿಚ್, ಚಿಪ್ಸ್, ಬಾಳೆಹಣ್ಣು ಸಿಗ್ತದೆ. ಐಸ್ ಟೀಗೆ ಲಿಂಬೆ ಶರಬತ್ತು ಬೆರೆಸಿ ಆರ್ನಾಲ್ಡ್ ಪಾಮರ್ ಅಂತ ಕೊಡ್ತಾರೆ, ಆ ಹೆಸರಿನ ದೊಡ್ಡ ಆಟಗಾರ ಇದ್ರು, ಸೆಕೆಗೆ ತುಂಬ ಒಳ್ಳೇದಾಗ್ತದೆ. ಬಿಲ್ ಕೊಡ್ಲಿಕ್ಕೆ ಪರ್ಸ್ ತೆಗೀಬೇಡಿ, ಬಹಳಷ್ಟು ಕ್ಲಬ್ಬಲ್ಲಿ ನಗದು ನಡೆಯುದೇ ಇಲ್ಲ, ಎಲ್ಲ ಮೆಂಬರಿನ ಅಕೌಂಟಿಗೆ ಬರೀತಾರೆ.

ಆಟ ಮುಗಿದು ಕ್ಲಬ್‌ಹೌಸಲ್ಲಿ ಕೂತಾಗ ಆ ಊರಿನ ಕ್ಲಬ್ಬುಗಳ ಕಥೆ ಕೇಳಿ, ಹೇಳ್ಲಿಕ್ಕೆ ಅವರಿಗೆ ಇಷ್ಟ. ಕೊಲಂಬಸಲ್ಲಿ ಆದ್ರೆ ಸಯೋಟೊ ಕ್ಲಬ್ಬಲ್ಲಿ ಜ್ಯಾಕ್ ನಿಕ್ಲಾಸ್ ಅಂತ ಗಾಲ್ಫಿನ ಬಹಳ ದೊಡ್ಡ ಆಟಗಾರ ಹುಡುಗನಾಗಿ ಆಟ ಕಲ್ತದ್ದು. ನನ್ನ ಮನಸ್ಸಲ್ಲಿ ಉಳಿದದ್ದು ಟೊಲೀಡೊ ಊರಿನ ಇನ್ವರ್ನೆಸ್ ಕ್ಲಬ್ಬಿನ ಕಥೆ. ಆ ಕಾಲದಲ್ಲಿ ದುಡ್ಡಿಗಾಗಿ ಆಡುವ ಪ್ರೊಫೆಷನಲ್‌ಗಳನ್ನು ಕ್ಲಬ್‌ಹೌಸ್ ಒಳಗೆ ಬಿಡ್ತಿರಲಿಲ್ಲ, ಕೆಳಗಿನವರು ಅಂತ. 1920ರ ಯು.ಎಸ್. ಓಪನಲ್ಲಿ ಇನ್ವರ್ನೆಸ್‌ನವರು ಬಾಗಿಲು ತೆರೆದು ಒಳಗೆ ಕರೆದ್ರು. ಆ ಆಟಗಾರರೆಲ್ಲ ದುಡ್ಡು ಒಟ್ಟು ಮಾಡಿ ಆಳೆತ್ತರದ ಒಂದು ಗಡಿಯಾರ ಕೃತಜ್ಞತೆಗೆ ಕೊಟ್ರು, ಅದು ಈಗಲೂ ಅಲ್ಲಿ ಉಂಟು. ಬಾಗಿಲು ಎಲ್ಲರಿಗೂ ತೆರೀಲಿಕ್ಕೆ ಮತ್ತೂ ಬಹಳ ಕಾಲ ಹಿಡೀತು, ಅಮೆರಿಕಾದ ಪಿಜಿಎ, ಅಂದ್ರೆ ಪ್ರೊಫೆಷನಲ್ ಗಾಲ್ಫರ್‌ಗಳ ಸಂಘ, ಬಿಳಿಯರಿಗೆ ಮಾತ್ರ ಅಂತ ಇದ್ದ ನಿಯಮ ತೆಗೆದದ್ದು 1961ರಲ್ಲಿ. ಈ ವಿಷಯ ಅಲ್ಲಿನ ಹಿರಿಯರು ಮುಚ್ಚಿಡದೆ ಮಾತಾಡಿದ್ರು, ಅದು ನನಗೆ ಹಿಡಿಸಿತು.

ಮನೆಗೆ ಬಂದ ಮರುದಿನ ಒಂದು ಕಾರ್ಡ್ ತಗೊಂಡು ಕೈಬರಹದಲ್ಲಿ ಥ್ಯಾಂಕ್ಸ್ ಬರೀರಿ, ವಾಟ್ಸ್ಯಾಪ್ ಬೇಡ. ನಾಲ್ಕು ಸಾಲು ಸಾಕು, ಆದ್ರೆ ಒಂದು ಹೋಲ್ ಹೆಸರಿಸಿ ಬರೀರಿ, ಆ ಏಳನೇ ಹೋಲಿನ ಕೆರೆ ಬದಿಯ ಓಕ್ ಮರ ಚೆಂದ ಇತ್ತು ಅನ್ನುವ ಹಾಗೆ, ನೋಡಿದ್ದು ನಿಜ ಅಂತ ಅವರಿಗೆ ಗೊತ್ತಾಗ್ತದೆ. ಆ ಕಾರ್ಡ್ ಜೊತೆಗೆ ಗೇರುಬೀಜದ ಪ್ಯಾಕೆಟ್ ಒಂದು ಅವರಿಗೆ, ಇನ್ನೊಂದು ಬೆಳಿಗ್ಗೆ ಹುಲ್ಲು ಕತ್ತರಿಸುವ ಕೆಲಸದವರಿಗೆ ಅಂತ ಅವರ ಕೈಯಲ್ಲೇ ಕೊಟ್ಟು ಬನ್ನಿ. ಅವರ ಮನೆಯಲ್ಲಿ ಯಾರಿಗಾದ್ರೂ ಅದು ಅಲರ್ಜಿ ಉಂಟಾ ಅಂತ ಮಾತ್ರ ಮೊದ್ಲೇ ಕೇಳಿ, ಅಲ್ಲಿ ಅದು ಜಾಸ್ತಿ.